ಏಳನೆಯ ಗೂಟ

ಹಿಂಡಿಯ ವಾಸನೆ ನನಗೆ ಹೊಸತಲ್ಲ. ಟಿಂಚರ್ ವಾಸನೆಯೂ ಹೊಸತಲ್ಲ. ಆದರೆ ಎರಡೂ ಒಟ್ಟಿಗೆ ಮೂಗಿಗೆ ಬಡಿಯದೆ ಆರು ವರ್ಷ ಕಳೆದಿತ್ತು. ಹೋದ ತಿಂಗಳು ಬೆಳ್ತಂಗಡಿಯ ಹತ್ತಿರ, ತಂಗಿಯ ಮಗಳನ್ನು ಕೊಟ್ಟ ಮನೆಗೆ ಹೋಗಿದ್ದೆ. ಸಂಜೆ ಚಾ ಕುಡಿದು ಲೋಟ ತೊಳೆಯಲೆಂದು ಹಿಂಬದಿಗೆ ಬಂದಾಗ ದನದ ಹಟ್ಟಿಯ ಕಡೆಯಿಂದ ಆ ವಾಸನೆ ಬಂತು. ನೆನೆಸಿಟ್ಟ ಹಿಂಡಿ, ಅದರ ಜೊತೆಗೆ ಯಾವುದೋ ದನದ ಗಾಯಕ್ಕೆ ಹಚ್ಚಿದ ಟಿಂಚರ್... ನಾನು ಲೋಟ ಹಿಡಿದುಕೊಂಡು ತುಂಬ ಹೊತ್ತು ಹಾಗೇ ನಿಂತಿದ್ದೆನಂತೆ. ತಂಗಿಯ ಮಗಳು ಬಂದು, "ದೊಡ್ಡಮ್ಮ, ತಲೆ ತಿರುಗ್ತದಾ?" ಎಂದು ತೋಳು ಹಿಡಿದಳು.

ತಲೆ ತಿರುಗಿರಲಿಲ್ಲ. ಒಬ್ಬರು ನೆನಪಾಗಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನವರಿಗೆ ಅವರು ಮಿಲಿಟ್ರಿಯವರು, ನನಗೆ ಮಿಲಿಟ್ರಿ ಮಾವ. ಸಂಬಂಧದಲ್ಲಿ ಮಾವನೇನೂ ಅಲ್ಲ, ಗೋಡೆಯ ಸಂಬಂಧ ಅಷ್ಟೇ. ಬೆಳುವಾಯಿಯಿಂದ ಒಳಗೆ ಹೋದರೆ ಸಿಗುವ ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ನಾನು ಇಪ್ಪತ್ತಾರು ವರ್ಷ ಸೆಕ್ರೆಟರಿಯಾಗಿದ್ದೆ. ಸೊಸೈಟಿಯ ಗೋಡೆಗೆ ತಾಗಿಕೊಂಡೇ ಅವರ ಮೆಡಿಕಲ್ ಇತ್ತು. ಅದರ ಹಿಂದೆ ಅವರ ಮನೆ, ಮನೆಯ ಪಕ್ಕದಲ್ಲಿ ಹಟ್ಟಿ. ಸೈನ್ಯದಲ್ಲಿ ಗಾಯಾಳುಗಳಿಗೆ ಶುಶ್ರೂಷೆ ಮಾಡುವ ಕೆಲಸದಲ್ಲಿದ್ದವರು. ಪೆನ್ಶನ್ ಆಗಿ ಬಂದ ಮೇಲೆ, ಮೀಸೆ ಬಾರದ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಫಾರ್ಮಸಿ ಡಿಪ್ಲೊಮ ಮಾಡಿಕೊಂಡು ಅಂಗಡಿ ತೆರೆದಿದ್ದರು. ಮದುವೆ ಆಗಿರಲಿಲ್ಲ. ಕೊಕ್ಕಡದಲ್ಲಿ ಒಬ್ಬ ತಂಗಿ ಇದ್ದರು, ಅಷ್ಟೇ.

ಅಂಗಡಿಯ ಒಳಗೆ ಎಡಗಡೆಯ ಕಪಾಟು ಮನುಷ್ಯರದ್ದು, ಬಲಗಡೆಯ ಕಪಾಟು ದನಗಳದ್ದು. ಮಧ್ಯದಲ್ಲಿ ಹಿಂಡಿಯ ಗೋಣಿ. ಬಾಟ್ಲಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತಿದ್ದವು. ಅವರ ಮುಂದೆ ಕೆಮ್ಮಿನ ಔಷಧಿಯೂ ಸಾವಧಾನ್ ನಿಲ್ಲಬೇಕು ಎಂದು ನಾವು ನಗುತ್ತಿದ್ದೆವು. ಮಂಗಳವಾರ ಮೂಡುಬಿದಿರೆಗೆ ಹೋಗಿ ಸ್ಟಾಕ್ ತರುತ್ತಿದ್ದರು. ದನದ ಔಷಧಿಗೆ ಬಂಟ್ವಾಳದ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಓದಲು ಬಾರದವರಿಗೆ ಔಷಧಿಯ ಕವರಿನ ಮೇಲೆ ಅರ್ಧ ಸೂರ್ಯ, ಪೂರ್ತಿ ಸೂರ್ಯ, ಚಂದ್ರ ಬಿಡಿಸಿ ಕೊಡುತ್ತಿದ್ದರು. ಸೂರ್ಯನಿಗೆ ಕಣ್ಣು ಮೂಗು ಇಟ್ಟರೆ ಮಾತ್ರೆ ಮಕ್ಕಳಿಗೆ ಎಂದು ಅರ್ಥ.

ಆದರೆ ಅವರದ್ದೊಂದು ನಿಯಮ ಇತ್ತು. ಔಷಧಿ ತಿನ್ನುವವರ ಹೆಸರು ಹೇಳದೆ ಒಂದು ಮಾತ್ರೆಯೂ ಕೊಡುತ್ತಿರಲಿಲ್ಲ. "ಮನೆಯಲ್ಲಿ ಒಬ್ಬರಿಗೆ ಜ್ವರ" ಎಂದರೆ ಆಗುವುದಿಲ್ಲ. ದನವಾದರೂ ಹೆಸರು ಬೇಕು. ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವವರಲ್ಲ. ಗಂಡನಿಗೆ ನೂರಮೂರು ಜ್ವರವಿದ್ದರೂ ಸರಿ, ಅಂಗಡಿ ಮುಂದೆ ಸೆರಗು ತಿರುಚುತ್ತ ನಿಲ್ಲುತ್ತಿದ್ದರು. ಮಾವ ಪೆನ್ನು ಹಿಡಿದುಕೊಂಡು ಕಾಯುತ್ತಿದ್ದರು. ಕಡೆಗೆ ಆ ಹೆಂಗಸರು ನನ್ನ ಕಿಟಕಿಗೆ ಬರುತ್ತಿದ್ದರು. ಸದಸ್ಯರ ಹೆಸರೆಲ್ಲ ನನ್ನ ಪುಸ್ತಕದಲ್ಲಿ ಇದ್ದವಲ್ಲ. ನಾನು ಹಾಲು ಅಳೆಯುತ್ತಲೇ ಗೋಡೆಯಾಚೆಗೆ ಗಂಡಂದಿರ ಹೆಸರು ಕೂಗಿ ಹೇಳುತ್ತಿದ್ದೆ. ಆಚೆಯಿಂದ "ಸರಿ, ಸೆಕ್ರೆಟ್ರಿಯಕ್ಕ" ಎಂದು ಉತ್ತರ ಬರುತ್ತಿತ್ತು. ಹಾಗೆ ಊರಿನ ಅರ್ಧ ಗಂಡಸರ ಪರವಾಗಿ ನಾನೇ ಹೆಸರು ಹೇಳಿದವಳು. ಮತ್ತೊಬ್ಬರ ಬದಲಿಗೆ ಉತ್ತರ ಕೊಡುವ ಅಭ್ಯಾಸ ನನಗೆ ಅಂಟಿದ್ದು ಅಲ್ಲಿಯೇ.

ಅವರಿಗೆ ಆರು ದನಗಳಿದ್ದವು. ಹಟ್ಟಿಯಲ್ಲಿ ಗೂಟ ಮಾತ್ರ ಏಳು. ದನಗಳ ಹೆಸರು ಕೇಳಿದರೆ ಹೊಸಬರು ನಗುತ್ತಿದ್ದರು. ಗುರುಮುಖ, ಬಹದ್ದೂರ, ಯಾದವ, ರಫೀಕ, ಮೊಹಾಂತಿ, ಪೌಲೋಸ್. ಆರೂ ಹಾಲು ಕೊಡುವ ಹೆಣ್ಣು ದನಗಳೇ. "ಹೆಣ್ಣಿಗೆ ಗಂಡಸಿನ ಹೆಸರು ಎಂತಕ್ಕೆ ಮಾರಾಯ್ರೆ?" ಎಂದು ನಾನೂ ಕೇಳಿದ್ದೆ. "ಕರೆದರೆ ಬರ್ತವಲ್ಲ, ಮತ್ತೆಂತ ಬೇಕು?" ಎಂದಿದ್ದರು. ಖಾಲಿ ಗೂಟಕ್ಕೆ ಇನ್ನೊಂದು ದನ ತರಬಾರದೇ ಎಂದು ಕೇಳಿದವರಿಗೆ, "ಅದು ಬುಕ್ ಆಗಿದೆ" ಎನ್ನುತ್ತಿದ್ದರು.

ಸಂಜೆ ಹಾಲು ಹಿಂಡಿ ಸೊಸೈಟಿಗೆ ಕೊಟ್ಟ ಮೇಲೆ, ದನಗಳನ್ನು ಅಂಗಳಕ್ಕೆ ಬಿಟ್ಟು ಗಂಜಿನೀರು ಕುಡಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಹಟ್ಟಿಯ ಒಳಗೆ ನಿಂತು ಒಂದೊಂದೇ ಹೆಸರು ಕೂಗುತ್ತಿದ್ದರು. ಪ್ರತಿ ಹೆಸರೂ ಮೂರು ಸಲ. ಮೂರನೆಯ ಕರೆಗೆ ಆ ದನ ಒಳಗೆ ಬಂದು ತನ್ನ ಗೂಟದ ಬಳಿ ನಿಲ್ಲುತ್ತಿತ್ತು. ಅವರು ಅದರ ಕುತ್ತಿಗೆಗೆ ಹಗ್ಗದ ಕಣ್ಣಿ ಹಾಕುತ್ತಿದ್ದರು. ಮುಸ್ಸಂಜೆಯಲ್ಲಿ ಹೆಸರು ಹಿಡಿದು ಕರೆದರೆ ನಮ್ಮಲ್ಲಿ ಒಂದೇ ಕರೆಗೆ ಯಾರೂ ಓಗೊಡುವುದಿಲ್ಲ. ಮೂರು ಸಲ ಕರೆಯುವವರು ಬದುಕಿರುವವರು, ಒಂದೇ ಸಲ ಕರೆದು ಸುಮ್ಮನಾಗುವವರು ಬೇರೆ... ದನಗಳಿಗೂ ಇವರು ಅದನ್ನು ಕಲಿಸಿದ್ದಾರೆ ಎಂದು ನಾನು ಅಂದುಕೊಂಡಿದ್ದೆ.

ಆರು ದನ ಕಟ್ಟಿದ ಮೇಲೆ ಏಳನೆಯ ಗೂಟದ ಕಣ್ಣಿಯನ್ನು ಬಿಡಿಸಿ, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ನಿಲ್ಲುತ್ತಿದ್ದರು. "ತಂಗರಾಜ... ತಂಗರಾಜ... ತಂಗರಾಜ." ಪಕ್ಕದ ಗೂಟದ ಪೌಲೋಸ್, ಎಡಕಿವಿ ಹರಿದ ಕಂದು ದನ, ಆಗ ಒಂದು ಹೆಜ್ಜೆ ಗೋಡೆಯ ಕಡೆಗೆ ಸರಿಯುತ್ತಿತ್ತು. ಹಟ್ಟಿಗೆ ಇನ್ನೊಂದು ದನ ಒಳಬರುವಾಗ ಜಾಗ ಬಿಡುತ್ತವಲ್ಲ, ಹಾಗೆ. ಮಾವ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಬಳಿಕ ಕಣ್ಣಿ ಕೆಳಗೆ ಬಿಟ್ಟು ಬಾಗಿಲು ಎಳೆದುಕೊಳ್ಳುತ್ತಿದ್ದರು.

ಮೊದಲ ಸಲ ನೋಡಿದಾಗ ನನ್ನ ಮೈಮೇಲೆ ಮುಳ್ಳೆದ್ದಿತ್ತು. ಆದರೆ ನಾನು ಹಾಲಿನಲ್ಲಿ ನೀರು ಹುಡುಕುವ ಕೆಲಸದವಳು, ಕಂಡದ್ದನ್ನೆಲ್ಲ ನಂಬುವ ಜಾತಿಯಲ್ಲ. ದಿನಾ ಆ ಹೆಸರು ಕೇಳಿ ಕೇಳಿ ದನಕ್ಕೆ ಸರಿಯುವುದು ಅಭ್ಯಾಸವಾಗಿದೆ ಎಂದು ತೀರ್ಮಾನ ಮಾಡಿಕೊಂಡೆ. ವರ್ಷಗಟ್ಟಲೆ ಆ ತೀರ್ಮಾನ ಸಾಕಾಗಿತ್ತು.

ಒಂದು ಮಳೆಗಾಲದ ಕೊನೆಗೆ ಅವರಿಗೆ ಹೊಟ್ಟೆಯ ತೊಂದರೆ ಜೋರಾಯಿತು. ಎಲ್ಲರಿಗೂ ಔಷಧಿ ಕೊಡುವವರು ತಮ್ಮದನ್ನು ಮುಂದೂಡುತ್ತ ಬಂದಿದ್ದರು. ಮಂಗಳೂರಿನ ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಸಂಜೆಯ ಹಾಲು ಮುಗಿದ ಮೇಲೆ ನನ್ನ ಕಿಟಕಿಗೆ ಬಂದರು. ದನ ಹಿಂಡಲು, ಮೇವು ಹಾಕಲು ಪಕ್ಕದ ಮನೆಯವರಿಗೆ ಹೇಳಿಯಾಗಿತ್ತು. ನನ್ನಿಂದ ಬೇಕಾದದ್ದು ಬೇರೆ.

"ಅಕ್ಕ, ಸಂಜೆ ಹಾಜರಿ ನೀವು ಕರೀಬೇಕು," ಎಂದರು.

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು, ಯಾವತ್ತೂ ಹೇಳದ್ದನ್ನು ಹೇಳಿದರು.

"ಮೇಲೆ ಮಂಜಿನಲ್ಲಿ ನಮ್ಮದೊಂದು ಕಾವಲು ಪೋಸ್ಟ್ ಇತ್ತು. ನನಗೆ ಜ್ವರ ಬಂತು. ಇದ್ದ ಮಾತ್ರೆ ಎಲ್ಲ ಬೇರೆಯವರಿಗೆ ಕೊಟ್ಟು ಮುಗಿದಿತ್ತು. ತಂಗರಾಜ ಯಾರ ಹತ್ತಿರವೂ ಕೇಳದೆ ಕೆಳಗಿನ ಪೋಸ್ಟಿಗೆ ಇಳಿದ, ನನಗೆ ಮಾತ್ರೆ ತರ್ಲಿಕ್ಕೆ. ಸಂಜೆ ಹಾಜರಿ ಕೂಗಿದ್ರು. ಅವನಿನ್ನೂ ಬಂದಿರ್ಲಿಲ್ಲ. ಕೇಳದೆ ಹೋದದ್ದಕ್ಕೆ ಅವನಿಗೆ ಶಿಕ್ಷೆ ಆಗ್ತದೆ ಅಂತ, ನನ್ನ ಟೆಂಟಿನ ಒಳಗಿಂದ ಅವನ ಬದಲಿಗೆ ನಾನೇ ಹಾಜರ್ ಅಂದೆ."

ಅದೇ ರಾತ್ರಿ ಮೇಲಿನಿಂದ ಮಂಜು ಕುಸಿದು ಬಿತ್ತಂತೆ. ದೊಡ್ಡ ಟೆಂಟಿನಲ್ಲಿ ಮಲಗಿದ್ದ ಆರೂ ಜನ ಹೋದರು. ಬೇರೆ ಟೆಂಟಿನಲ್ಲಿದ್ದ ಇವರನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಹೊರಗೆ ತೆಗೆದರು. ಕಣ್ಣು ಬಿಟ್ಟದ್ದು ನಾಲ್ಕನೆಯ ದಿನ, ಆಸ್ಪತ್ರೆಯಲ್ಲಿ.

"ಪುಸ್ತಕದಲ್ಲಿ ನನ್ನನ್ನು ಬಿಟ್ಟು ಏಳು ಜನ ಹಾಜರ್ ಇದ್ರಲ್ಲ ಅಕ್ಕ. ಏಳನೆಯವನಿಗೋಸ್ಕರ ಟೆಂಟಿದ್ದ ಜಾಗವನ್ನೇ ನಾಲ್ಕು ದಿನ ಅಗೆದ್ರು. ದಾರಿಯಲ್ಲಿ ಯಾರೂ ನೋಡ್ಲಿಲ್ಲ. ನಾನು ಎದ್ದು ಹೇಳುವಾಗ ದಾರಿಯೇ ಇರ್ಲಿಲ್ಲ. ಅವನು ಈಗ್ಲೂ ದಾರಿಯಲ್ಲೇ ಇದ್ದಾನೆ."

ನಾನು ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರ್ ಒರೆಸುತ್ತ ಕೂತೆ. ದನಗಳ ಆ ಆರು ಹೆಸರು ಯಾರದೆಂದೂ, ಔಷಧಿಗೆ ಹೆಸರು ಕೇಳುವ ಅವರ ಹಟ ಎಂತಕ್ಕೆಂದೂ ನನಗೆ ಅರ್ಥವಾದದ್ದು ಆಗಲೇ. ನಾವು ಅದನ್ನು ಮಿಲಿಟ್ರಿಯ ಶಿಸ್ತು ಎಂದು ಗೇಲಿ ಮಾಡಿಕೊಂಡು ಬಂದಿದ್ದೆವು.

"ಮೂರು ಸಲ ಕರೀರಿ. ಕಣ್ಣಿ ಕೈಯಲ್ಲಿ ಹಿಡ್ಕೊಳ್ಳಿ. ಕಾಯಿರಿ. ಬರದಿದ್ರೆ ಬರ್ಲಿಲ್ಲ. ಆದರೆ ಅವನ ಬದಲಿಗೆ ಉತ್ತರ ಮಾತ್ರ ನೀವು ಕೊಡ್ಬೇಡಿ. ಅಷ್ಟು ಮಾಡಿದ್ರೆ ಸಾಕು," ಎಂದರು. ನಾನು ಆಗಲಿ ಎಂದೆ. ಅವರು ಕೈ ಮುಗಿದರು. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು ನನಗೆ ಕೈ ಮುಗಿದದ್ದು ನೋಡಿ ನಾನು ಎದ್ದು ನಿಂತೆ.

ಮರುದಿನದಿಂದ ಸೊಸೈಟಿಗೆ ಬೀಗ ಹಾಕಿ ಹಟ್ಟಿಗೆ ಹೋಗತೊಡಗಿದೆ. ಆರು ದನಗಳೂ ಒಳ್ಳೆಯವು, ನನ್ನ ಧ್ವನಿಗೂ ಬಂದವು. ಏಳನೆಯ ಕಣ್ಣಿ ಬಿಡಿಸಿ ಹಿಡಿದು ಆ ಹೆಸರನ್ನೂ ಕರೆದೆ. ಮೂರನೆಯ ಕರೆಗೆ ಪೌಲೋಸ್ ಒಂದು ಹೆಜ್ಜೆ ಸರಿಯಿತು. ಬಾಗಿಲ ಕಡೆ ನೋಡಿತು. ನಾನೂ ನೋಡಿದೆ. ಅಂಗಳದಲ್ಲಿ ಗಂಜಿನೀರಿನ ಬಾನಿ, ಅದರಾಚೆ ಕತ್ತಲಾಗುತ್ತಿರುವ ದಾರಿ. ಅಷ್ಟು ಸೆಕೆಯಲ್ಲೂ ಬಾಗಿಲಿನಿಂದ ಒಂದು ತಂಪು ಬಂದು ಕಾಲಿಗೆ ತಾಗಿತು. ಮಳೆ ಬರುವ ಮುಂಚಿನ ಗಾಳಿ ಇರಬೇಕು. ಆ ದಿನ ಮಳೆ ಬಂದಿತೇ ಇಲ್ಲವೇ ಎಂಬುದು ಈಗ ನೆನಪಿಲ್ಲ.

ನಾನು ಬಾಗಿಲು ಎಳೆಯುವ ಹೊತ್ತಿಗೆ ಸರಿಯಾಗಿ ಅವರ ಫೋನು ಬರುತ್ತಿತ್ತು. ದಿನಾ ಅದೇ ಪ್ರಶ್ನೆ. ಆರು ಹೆಸರು ಒಂದೊಂದಾಗಿ ಕೇಳುತ್ತಿದ್ದರು, ನಾನು ಒಂದೊಂದಕ್ಕೂ "ಉಂಟು" ಎನ್ನುತ್ತಿದ್ದೆ. ಕೊನೆಗೆ, "ತಂಗರಾಜ?"

"ಇಲ್ಲ ಮಾವ. ಬರ್ಲಿಲ್ಲ."

"ಸರಿ ಅಕ್ಕ. ನಾಳೆ ನೋಡುವ."

ಹತ್ತು ದಿನ ಹೀಗೆ ನಡೆಯಿತು. ದಿನ ಕಳೆದ ಹಾಗೆ ಅವರ ಧ್ವನಿ ಸಣ್ಣದಾಗುತ್ತ ಬಂತು, "ನಾಳೆ ನೋಡುವ" ಎನ್ನುವುದು ಮಾತ್ರ ನಿಲ್ಲಲಿಲ್ಲ. ಇತ್ತ ನನಗೆ ಹಟ್ಟಿಯ ಹೆದರಿಕೆ ಹೆಚ್ಚುತ್ತ ಹೋಯಿತು. ಕಾಯುವಾಗ ಅಂಗಳದಲ್ಲಿ ಯಾರೋ ಚಪ್ಪಲಿಯ ಕೆಸರು ಒರೆಸಿದ ಹಾಗೆ ಕೇಳುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ನನಗೆ ಬೇಗ ಮುಗಿಸಿ ಮನೆಗೆ ಓಡಿದರೆ ಸಾಕು ಅನಿಸುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷ ಎಲ್ಲರ ಹೆದರಿಕೆಗೆ ನಕ್ಕವಳಲ್ಲವೇ.

ಹನ್ನೊಂದನೆಯ ಸಂಜೆ ನಾನು ಇನ್ನೂ ಏಳನೆಯ ಕಣ್ಣಿ ಹಿಡಿದುಕೊಂಡಿರುವಾಗಲೇ ಫೋನು ಬಂತು. ಮಾತಾಡಿದ್ದು ಅವರ ತಂಗಿ. "ಡಾಕ್ಟ್ರು ಕೈಬಿಟ್ಟಿದ್ದಾರೆ ಅಕ್ಕ. ಬೆಳಿಗ್ಗೆಯಿಂದ ನೀರು ಕೂಡ ಇಳಿಯುವುದಿಲ್ಲ. ಆದರೆ ಜೀವ ಹೋಗುವುದಿಲ್ಲ. ಗಂಟೆ ಎಷ್ಟಾಯ್ತು, ಹಾಜರಿ ಆಯ್ತಾ ಅಂತ ಕೇಳ್ತಾನೇ ಇದ್ದಾನೆ. ನೋಡ್ಲಿಕ್ಕೆ ಆಗುವುದಿಲ್ಲ," ಎಂದು ಅತ್ತರು. ಮತ್ತೆ ಫೋನನ್ನು ಅಣ್ಣನ ಕಿವಿಗೆ ಹಿಡಿದರು.

ಆರು ಹೆಸರು ಕೇಳುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. ನೇರವಾಗಿ ಕೊನೆಯದನ್ನೇ ಕೇಳಿದರು. ನಾನು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಕನಿಕರ ಬಂದದ್ದು ನಿಜ. ಬೇಗ ಮುಗಿಯಲಿ, ನಾನು ಮನೆಗೆ ಹೋಗುತ್ತೇನೆ ಅನಿಸಿದ್ದೂ ನಿಜ. ಇವೆರಡರಲ್ಲಿ ಯಾವುದು ಮುಂದೆ ಬಂತು ಎಂದು ಆರು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

"ಬಂದ ಮಾವ," ಎಂದೆ. "ಹಾಜರ್."

ಏದುಸಿರಿನ ನಡುವೆ ಮಾವ, "ಹಾಜರ್ ಅಂತ ಅವನೇ ಹೇಳಿದ್ದಾ ಅಕ್ಕ? ಅಥವಾ ನೀವು ಹೇಳಿದ್ದಾ?" ಎಂದು ಕೇಳಿದರು.

ಇನ್ನೂ ಹಿಂದೆ ಬರಬಹುದಿತ್ತು. ದಾರಿ ಇತ್ತು. ನಾನು ಬರಲಿಲ್ಲ.

"ಅವನೇ ಮಾವ."

ಹಾಗೆ ಹೇಳಿ ಬಾಯಿ ಮುಚ್ಚಿದ್ದೇ ತಡ, ನನ್ನ ಕೈಯಲ್ಲಿದ್ದ ಕಣ್ಣಿ ಬಿಗಿಯಿತು. ಕಟ್ಟಿದ ದನ ಹಿಂದಕ್ಕೆ ಜಗ್ಗಿದರೆ ಹಗ್ಗ ಹೇಗೆ ಎಳೆಯುತ್ತದೆಂದು ನನಗೆ ಗೊತ್ತು, ಚಿಕ್ಕಂದಿನಿಂದ ದನ ಕಟ್ಟಿದ ಕೈ ಇದು. ಹಾಗೆಯೇ ಎಳೆಯಿತು, ಬಾಗಿಲ ಕಡೆಗೆ. ಒಮ್ಮೆ ಅಷ್ಟೇ. ಬಳಿಕ ಸಡಿಲವಾಗಿ ಇಳಿಬಿತ್ತು. ಆರೂ ದನಗಳು ಮೇವು ತಿನ್ನುವುದನ್ನು ನಿಲ್ಲಿಸಿದ್ದವು.

"ಒಳ್ಳೆದಾಯ್ತು," ಎಂದರು ಮಾವ. "ಬಾಗಿಲು ಹಾಕಿ ಅಕ್ಕ."

ಬೆಳಗಾಗುವ ಮೊದಲು ಅವರು ತೀರಿಕೊಂಡರು. ಸಮಾಧಾನದಲ್ಲಿ ಹೋದ ಎಂದು ಅವರ ತಂಗಿ ಹೇಳಿದರು. ಮಾವ ನಂಬಿ ಹೋದರೋ, ಅಥವಾ ನನ್ನ ಸುಳ್ಳು ತಿಳಿದೂ ನನಗೆ ನೋವಾಗಬಾರದೆಂದು ನಂಬಿದ ಹಾಗೆ ಮಾಡಿದರೋ... ಅವರು ಜೀವಮಾನವೆಲ್ಲ ಹೊತ್ತ ತಪ್ಪನ್ನೇ, ಅವರದ್ದೇ ಹಟ್ಟಿಯಲ್ಲಿ ನಿಂತು, ಅವರಿಗೇ ನಾನು ಮಾಡಿದೆ. ಮಾಡಬೇಡಿ ಎಂದು ಕೈ ಮುಗಿದು ಹೇಳಿದ್ದರು.

ಹನ್ನೆರಡನೆಯ ಸಂಜೆ ನಾನು ಹಟ್ಟಿಗೆ ಹೋಗಲಿಲ್ಲ. ಉತ್ತರಕ್ರಿಯೆ ಮುಗಿಯುವ ಮೊದಲೇ ಕೊಕ್ಕಡದಿಂದ ಅವರ ತಂಗಿಯ ಮಗ ಬಂದು ದನಗಳನ್ನು ಮಾರಿದ. ಯಾವುದು ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ. ಮೆಡಿಕಲ್ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯ ಅಂಗಡಿ ಇದೆ. ನಾನು ರಿಟೈರ್ ಆದೆ. ಅವರ ಹೆಸರನ್ನು ಈ ಆರು ವರ್ಷಗಳಲ್ಲಿ ಒಮ್ಮೆಯೂ ಬಾಯಿಗೆ ತಂದಿರಲಿಲ್ಲ. ಯಾರಾದರೂ ಅವರ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದೆ.

ಬೆಳ್ತಂಗಡಿಯ ಆ ಹಟ್ಟಿಯ ಮುಂದೆ ಲೋಟ ಹಿಡಿದುಕೊಂಡು ನಿಂತವಳು, ತಂಗಿಯ ಮಗಳನ್ನು ಒಳಗೆ ಕಳಿಸಿ ಇಣುಕಿ ನೋಡಿದೆ. ನಾಲ್ಕೈದು ದನಗಳಿದ್ದವು. ಕೊನೆಯಲ್ಲಿ, ಗೋಡೆಯ ಪಕ್ಕ, ಒಂದು ಮುದಿ ಕಂದು ದನ. ಎಡಕಿವಿ ಹರಿದಿತ್ತು. ಹಿಂಗಾಲಿಗೆ ಟಿಂಚರ್ ಹಚ್ಚಿದ್ದರು. ಅದರ ಬಲಕ್ಕೆ ಒಂದು ಗೂಟ ಖಾಲಿ ಇತ್ತು.

ಮನೆಯ ಯಜಮಾನರು, ತಂಗಿಯ ಮಗಳ ಮಾವ, ಹುಲ್ಲು ಹಾಕಲು ಬಂದರು. "ಅದು ನಿಮ್ಮ ಬೆಳುವಾಯಿ ಕಡೆಯಿಂದಲೇ ಬಂದದ್ದು. ಗೌರಿ ಅಂತ ಹೆಸರಿಟ್ಟಿದ್ದೇವೆ, ಕರೆದರೆ ತಿರುಗಿಯೂ ನೋಡುವುದಿಲ್ಲ," ಎಂದರು. "ಹಾಲು ನಿಂತು ಎಷ್ಟೋ ಕಾಲವಾಯ್ತು, ಸಾಕಿದ ಪ್ರಾಣಿ, ಇರ್ಲಿ ಅಂತ ಇಟ್ಕೊಂಡದ್ದು. ಆದರೆ ಪಕ್ಕದ ಗೂಟಕ್ಕೆ ಬೇರೆ ದನ ಕಟ್ಲಿಕ್ಕೆ ಬಿಡುವುದಿಲ್ಲ ಮಾರಾಯ್ರೆ. ಕಟ್ಟಿದ್ರೆ ಒದೀತದೆ. ಮೊನ್ನೆ ಒದ್ದು ಅದರ ಕಾಲೇ ಸಿಗಿದು ಹೋಯ್ತು."

ಅವರು ದೀಪ ಹಚ್ಚಲು ಮನೆಯೊಳಗೆ ಹೋದರು. ಹಟ್ಟಿಯಲ್ಲಿ ನಾನೊಬ್ಬಳೇ ಉಳಿದೆ.

"ಪೌಲೋಸ್," ಎಂದೆ. ಮೂರನೆಯ ಸಲಕ್ಕೆ ಅದು ತಲೆ ಎತ್ತಿತು. ನನ್ನ ಕಣ್ಣು ತುಂಬಿತು. ಖಾಲಿ ಗೂಟದ ಕಣ್ಣಿಯನ್ನು ಬಿಡಿಸಿ ಎರಡೂ ಕೈಯಲ್ಲಿ ಹಿಡಿದೆ. ತಂಗರಾಜನನ್ನು ಮೂರು ಸಲ ಕರೆದೆ. ದನ ಅಲುಗಲಿಲ್ಲ. ಕಾದೆ. ಅವನು ಎಂದೋ ಬಂದು ಸೇರಿದ್ದಾನೋ, ಬಂದಿದ್ದಾನೆ ಎಂದು ನಾನು ಹೇಳಿಬಿಟ್ಟಿದ್ದಕ್ಕೆ ಇನ್ನು ಬರಲಾರದೆ ಹೋದನೋ...

ಆಮೇಲೆ ಮಾವನ ಹೆಸರು ಕರೆದೆ. ಮಿಲಿಟ್ರಿಯವರು ಎಂದಲ್ಲ, ತಾಯಿ ತಂದೆ ಇಟ್ಟ ಹೆಸರು, ಸದಸ್ಯರ ಪುಸ್ತಕದಲ್ಲಿ ನನ್ನ ಅಕ್ಷರದಲ್ಲಿ ವರ್ಷಗಟ್ಟಲೆ ಇದ್ದ ಹೆಸರು. ಸುಳ್ಳು ಹೇಳಿದೆ ಮಾವ, ಎಂದು ಹೇಳಬೇಕಿತ್ತು ನನಗೆ. ಅದೊಂದನ್ನು ಹೇಳಲು ಅವರು ಬೇಕಿತ್ತು. ಒಮ್ಮೆ ಕರೆದೆ. ಇನ್ನೊಮ್ಮೆ ಕರೆದೆ. ಆ ಹೆಸರನ್ನು ಆ ದನದ ಮುಂದೆ ಯಾರೂ ಎಂದೂ ಕೂಗಿರಲಿಲ್ಲ. ಕೂಗುತ್ತಿದ್ದವರು ಅವರು, ಅವರನ್ನು ಯಾರು ಕೂಗಬೇಕು?

ಮೂರನೆಯ ಸಲ ಕರೆದೆ.

ಪೌಲೋಸ್ ಬಾಗಿಲ ಕಡೆ ನೋಡಿತು. ನೋಯುವ ಕಾಲನ್ನು ಎತ್ತಿಟ್ಟು, ಒಂದು ಹೆಜ್ಜೆ ಗೋಡೆಯ ಕಡೆಗೆ ಸರಿದು ಜಾಗ ಬಿಟ್ಟಿತು.

ನಾನು ಕಣ್ಣಿ ಹಿಡಿದುಕೊಂಡು ಕಾದೆ. ಒಳಗಿನಿಂದ ತಂಗಿಯ ಮಗಳು ಎರಡು ಸಲ ಕರೆದಳು, ಓಗೊಡಲಿಲ್ಲ. ಪೂರ್ತಿ ಕತ್ತಲಾಗುವ ತನಕ ಕಾದೆ. ಈ ಸಲ ಉತ್ತರ ಮಾತ್ರ ನಾನು ಕೊಡಲಿಲ್ಲ.